ಮೂರನೇ ಕೈ

ಲಿಫ್ಟಿನಲ್ಲಿ ನಾವಿಬ್ಬರೇ ಇದ್ದೆವು. ನಾನು ಎಂದಿನಂತೆ ನನ್ನ ಚಪ್ಪಲಿ ನೋಡುತ್ತ ನಿಂತಿದ್ದೆ.

"ಪಟ್ಟಿ ಮೇಡಂ," ಅಂದ ಅವನು. "ನನ್ನ ಮೇಲೆ ನಿಮಗೇನು ಕೋಪ?"

"ಕೋಪ ಏನಿಲ್ಲ, ಡಾಕ್ಟ್ರೇ."

"ಹಾಗಾದ್ರೆ ಮುಖಕ್ಕೆ ಏನಾದ್ರೂ ಅಂಟ್ಕೊಂಡಿದೆಯಾ? ನಾನು ಎಡಗಡೆಯಿಂದ ಬಂದ್ರೆ ನೀವು ಬಲಗಡೆ ನೋಡ್ತೀರಿ."

"ಬಲಗಡೆ ಕಿಟಕಿ ಇರುತ್ತೆ."

"ಲಿಫ್ಟಲ್ಲೂನಾ?"

ಬಂದ ನಗು ನುಂಗಿಕೊಂಡೆ. ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆದದ್ದೇ ಇಳಿದುಬಿಟ್ಟೆ. ಆ ಮಹಡಿಯಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.

ಅವನ ಕಣ್ಣು ತಪ್ಪಿಸುವುದು ನನ್ನ ಕೆಲಸದ ಭಾಗವಾಗಿತ್ತು ಅಂದರೆ ಯಾರೂ ನಂಬಲಾರರು. ಹೃದಯದ ಆಪರೇಷನ್ನಿನಲ್ಲಿ ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ರಕ್ತವಿಲ್ಲದ ಆ ಹೊತ್ತಿನಲ್ಲಿ ಅದಕ್ಕೆ ಪೆಟ್ಟಾಗುತ್ತದೆ. ರಕ್ತ ಮತ್ತೆ ನುಗ್ಗಿದಾಗ ಇನ್ನಷ್ಟು. ಅದಕ್ಕೆ ಮುಂಚೆ ತೋಳಿಗೆ ಬಿ.ಪಿ. ಪಟ್ಟಿಯನ್ನು ಬಿಗಿಯಾಗಿ ಕಟ್ಟಿ, ಕೈಯ ರಕ್ತ ತಡೆದು, ಬಿಟ್ಟು, ಮತ್ತೆ ತಡೆದು ಬಿಟ್ಟರೆ, ದೂರದಲ್ಲಿರುವ ಹೃದಯ ಅದನ್ನು ಹೇಗೋ ತಿಳಿದುಕೊಂಡು ಗಟ್ಟಿಯಾಗುತ್ತದಂತೆ. ಆ 'ಅಂತೆ' ನಿಜವೇ ಎಂದು ನೋಡುವುದು ನಮ್ಮ ಪ್ರಯೋಗ.

ಅರ್ಧ ರೋಗಿಗಳಿಗೆ ನಿಜವಾಗಿ ಕಟ್ಟಬೇಕು. ಇನ್ನರ್ಧಕ್ಕೆ ಕಟ್ಟಿದ ಹಾಗೆ ಮಾಡಬೇಕು. ಯಾರಿಗೆ ಯಾವುದೆಂದು ಕಂಪ್ಯೂಟರ್ ನನಗೊಬ್ಬಳಿಗೇ ಹೇಳುತ್ತಿತ್ತು. ಹಳೆಯ ಬೆಡ್‌ಶೀಟಿನೊಳಗೆ ಸ್ಪಂಜು ತುಂಬಿ ನಾನೇ ಒಂದು ತೋಳು ಹೊಲಿದಿದ್ದೆ. ಥಿಯೇಟರಿನವರು ಅದಕ್ಕೆ 'ಮೂರನೇ ಕೈ' ಅಂತ ಹೆಸರಿಟ್ಟಿದ್ದರು. ರೋಗಿಗೆ ಪ್ರಜ್ಞೆ ತಪ್ಪಿಸಿದ ಮೇಲೆ ಪ್ರತಿ ಸಲವೂ ಅದನ್ನು ಹೊದಿಕೆಯ ಕೆಳಗೆ ಪಕ್ಕದಲ್ಲಿ ಮಲಗಿಸುತ್ತಿದ್ದೆ. ಪಟ್ಟಿ ಬಿದ್ದದ್ದು ನಿಜವಾದ ಕೈಗೋ ಬಟ್ಟೆಯ ಕೈಗೋ ಸರ್ಜನ್‌ಗೂ ತಿಳಿಯುತ್ತಿರಲಿಲ್ಲ. ಪಂಪಿನ ಸದ್ದು ಎರಡಕ್ಕೂ ಒಂದೇ.

ಆಮೇಲೆ ಹೃದಯಕ್ಕೆ ಎಷ್ಟು ಪೆಟ್ಟಾಗಿದೆ ಎಂದು ಸ್ಕ್ಯಾನ್ ಮಾಡಿ ಹೇಳುವವನು ಅವನು. ಅವನಿಗೆ ಸುಳಿವು ಸಿಕ್ಕರೆ ಎಲ್ಲ ಹಾಳು. ನನ್ನ ಮುಖ ಗಾಜಿನ ಡಬ್ಬಿ, ಒಳಗಿರುವುದೆಲ್ಲ ಹೊರಗೆ ಕಾಣುತ್ತದೆ ಎಂದು ಅಕ್ಕ ಚಿಕ್ಕಂದಿನಿಂದ ಆಡಿಕೊಳ್ಳುತ್ತಿದ್ದಳು. ಅದಕ್ಕೇ ಅವನತ್ತ ನೋಡುತ್ತಿರಲಿಲ್ಲ.

ಅವನು ನೋಡದಿರುವಾಗ ಮಾತ್ರ ನೋಡುತ್ತಿದ್ದೆ. ಸ್ಕ್ಯಾನಿಗೆ ಮುಂಚೆ ಜೆಲ್ ಟ್ಯೂಬನ್ನು ಅಂಗೈಗಳ ನಡುವೆ ಉಜ್ಜಿ ಉಜ್ಜಿ ಬೆಚ್ಚಗೆ ಮಾಡುತ್ತಿದ್ದ, ರೋಗಿಗೆ ಚಳಿಯಾಗದಿರಲಿ ಅಂತ. ಬಾಗಿಲ ಸಂದಿಯಿಂದ ಅದನ್ನು ಕಂಡ ದಿನದಿಂದ, ಅವನಿಂದ ಮುಚ್ಚಿಡಬೇಕಾದ ವಿಷಯ ಎರಡಾಯಿತು.

ಹೀಗೆ ನಡೆಯುತ್ತಿದ್ದಾಗ ಅವನ ತಾಯಿ ನಮ್ಮ ವಾರ್ಡಿಗೆ ಬಂದರು.

ಆಕೆ ಡ್ರೈವಿಂಗ್ ಕಲಿಸುವವರು. ಪಾಠದ ಮಧ್ಯೆ ಎದೆನೋವು ಬಂದು, ಕಲಿಯುತ್ತಿದ್ದ ಹುಡುಗಿಯೇ ಕಾರು ಓಡಿಸಿಕೊಂಡು ಆಸ್ಪತ್ರೆಗೆ ತಂದಿದ್ದಳು. "ಪಾಪ, ಅವಳು ಗೇರು ಸರಿಯಾಗಿ ಹಾಕಿದ್ದು ಅವತ್ತೇ ಮೊದಲು," ಅಂದರು. ಹೃದಯದ ರಕ್ತನಾಳಗಳು ಕಟ್ಟಿಕೊಂಡಿದ್ದವು. ಆಪರೇಷನ್ ಆಗಲೇಬೇಕಿತ್ತು.

ಪ್ರಯೋಗಕ್ಕೆ ಸೇರುತ್ತೇನೆಂದು ಹಟ ಹಿಡಿದವರೂ ಆಕೆಯೇ. ಪ್ರಯೋಗ ನಡೆಸುತ್ತಿದ್ದ ಸರ್ಜನ್, ನಮ್ಮ ದೊಡ್ಡ ಡಾಕ್ಟರು, ಒಪ್ಪಿದರು, ಒಂದೇ ಷರತ್ತಿನ ಮೇಲೆ. ಮಗ ಥಿಯೇಟರಿಗೆ ಕಾಲಿಡಬಾರದು, ಆಕೆಯ ಸ್ಕ್ಯಾನನ್ನು ಬೇರೆಯವರು ಮಾಡಬೇಕು.

ಆಕೆಯ ಒಪ್ಪಿಗೆ ಪಡೆಯಲು ಹೋದಾಗ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಓ, ಆ ಪಟ್ಟಿ ಮೇಡಂ ನೀನೇನಾ? ಮನೇಲಿ ದಿನಾ ಕೇಳೀ ಕೇಳೀ ಸಾಕಾಗಿದೆ ಕಣಮ್ಮ. ಇವತ್ತು ಕಿಟಕಿ ನೋಡಿದ್ರು, ಇವತ್ತು ನೆಲ ನೋಡಿದ್ರು, ಇವತ್ತು ಗೋಡೆಗೆ ಗುಡ್ ಮಾರ್ನಿಂಗ್ ಅಂದ್ರು."

ನನ್ನ ಕಿವಿ ಬಿಸಿಯಾಯಿತು. ಪ್ರಯೋಗದ ವಿವರ ಹೇಳತೊಡಗಿದೆ. ಆಕೆ ಮಧ್ಯೆ ಬಾಯಿ ಹಾಕದೆ ಕೇಳಿದರು.

"ನಿಜವಾದ್ದು ಕಟ್ಟಿದ್ರೆ ಒಳ್ಳೇದಾಗುತ್ತೆ ಅಂತ ನಿಮಗೆ ಗೊತ್ತಾ?"

"ಗೊತ್ತಿಲ್ಲ ಅಮ್ಮ. ಅದನ್ನೇ ಹುಡುಕ್ತಿರೋದು."

"ಹಾಗಾದ್ರೆ ನನಗೆ ಯಾವುದು ಬಂದ್ರೂ ಸರಿ. ಒಂದು ಮಾತು ನೆನಪಿಟ್ಕೋ. ನನ್ನ ಮಗ ಬಂದು ಏನಾದ್ರೂ ಹೇಳ್ತಾನೆ, ಹೆದರುಪುಕ್ಕಲ. ಕಿವಿಗೆ ಹಾಕ್ಕೋಬೇಡ. ಪಕ್ಕದ ಸೀಟಲ್ಲಿ ಕೂತವರು ಸ್ಟಿಯರಿಂಗ್ ಎಳೀಬಾರದು."

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಅವನು ಬಂದೇಬಿಟ್ಟ. ನಾನು ಸಾಮಾನಿನ ಕೋಣೆಯಲ್ಲಿ ಕೂತು ಮೂರನೇ ಕೈಯ ಬಿಚ್ಚಿದ ಹೊಲಿಗೆ ಹಾಕುತ್ತಿದ್ದೆ.

"ಒಂದು ಮಾತು…"

"ಕೇಳಬೇಡಿ."

"ಇನ್ನೂ ಏನೂ ಕೇಳೇ ಇಲ್ಲ."

"ಅದಕ್ಕೇ ಹೇಳ್ತಿದ್ದೀನಿ."

ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಶರ್ಟಿನ ಗುಂಡಿ ಒಂದು ಮೇಲೆ ಒಂದು ಕೆಳಗೆ ಆಗಿತ್ತು. ನನಗೆ ಎದ್ದು ಹೋಗಿ ಸರಿಮಾಡಬೇಕೆನಿಸಿತು. ಸೂಜಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ.

"ನಾಳೆ ಕಂಪ್ಯೂಟರ್ ಏನೇ ಹೇಳಲಿ," ಅಂದ, "ಅಮ್ಮನಿಗೆ ನಿಜವಾದ್ದೇ ಕಟ್ಟಿಬಿಡಿ. ಯಾರಿಗೂ ಗೊತ್ತಾಗಲ್ಲ. ನನಗಿರೋದು ಅವಳೊಬ್ಬಳೇ."

ನಾನು ತಲೆಯೆತ್ತದೆ ಹೊಲಿಯುತ್ತಲೇ ಇದ್ದೆ. ಅವನು ಹೋದ ಮೇಲೆ ನೋಡಿದರೆ ಮೂರನೇ ಕೈಯನ್ನು ನನ್ನ ಸೀರೆಯ ಸೆರಗಿಗೇ ಸೇರಿಸಿ ಹೊಲಿದುಬಿಟ್ಟಿದ್ದೆ.

ಪ್ರಯೋಗ ಮುಗಿದು ಗುಟ್ಟುಗಳೆಲ್ಲ ಬಿಚ್ಚಿಯಾಗಿರುವುದರಿಂದ ಈಗ ಬರೆಯಬಹುದು. ಮರುದಿನ ಬೆಳಿಗ್ಗೆ ಕಂಪ್ಯೂಟರ್ ಹೇಳಿದ್ದು ಬಟ್ಟೆಯ ಕೈ.

ಥಿಯೇಟರಿನಲ್ಲಿ ಆಕೆಗೆ ಪ್ರಜ್ಞೆ ತಪ್ಪಿಸಿದ ಮೇಲೆ ಸುತ್ತ ಪರದೆ ಎಳೆದೆ. ಹೊದಿಕೆಯ ಕೆಳಗೆ ಎರಡು ತೋಳು ಪಕ್ಕಪಕ್ಕದಲ್ಲಿದ್ದವು. ಒಂದು ಸ್ಪಂಜಿನದು. ಇನ್ನೊಂದು, ವರ್ಷಗಟ್ಟಲೆ ಕಾರಿನ ಕಿಟಕಿಯ ಬಿಸಿಲು ತಿಂದು ಮೊಣಕೈವರೆಗೆ ಕಪ್ಪಾದದ್ದು. ಪಟ್ಟಿ ನನ್ನ ಕೈಯಲ್ಲಿತ್ತು.

ಅದನ್ನು ಆಕೆಯ ತೋಳಿನ ಮೇಲೆ ಇಟ್ಟೆ. ಸುತ್ತಿಯೂ ಆಯಿತು. ಪಂಪಿನ ಗುಂಡಿ ಒತ್ತುವುದೊಂದೇ ಬಾಕಿ. ಒತ್ತಿದರೆ ಅವನು ಜೀವಮಾನವಿಡೀ ನನ್ನ ಋಣದಲ್ಲಿರುತ್ತಾನೆ ಎಂಬ ಯೋಚನೆ ಬಂದದ್ದೇ, ನನಗೇ ನನ್ನ ಮೇಲೆ ಭಯವಾಯಿತು. ಯಾವುದು ಬಂದರೂ ಸರಿ ಎಂದು ಈ ತೋಳಿನ ಒಡತಿ ಹೇಳಿಯಾಗಿತ್ತು. ಈಗ ಪಕ್ಕದ ಸೀಟಿನಲ್ಲಿ ಕೂತು ಸ್ಟಿಯರಿಂಗ್ ಎಳೆಯುತ್ತಿದ್ದವಳು ನಾನು.

"ಪಟ್ಟಿ ಮೇಡಂ, ಆಯ್ತಾ?" ಪರದೆಯ ಆಚೆಯಿಂದ ಸಿಸ್ಟರ್ ಕೂಗಿದರು.

"ಒಂದ್ನಿಮಿಷ."

ಪಟ್ಟಿ ಬಿಚ್ಚಿದೆ. ಬಟ್ಟೆಯ ಕೈಗೆ ಸುತ್ತಿದೆ. ಗುಂಡಿ ಒತ್ತಿದೆ. ಪಂಪು ಬುಸ್ಸೆಂದಿತು.

ಆಮೇಲಿನ ಗಂಟೆಗಳನ್ನು ಹೇಗೆ ಕಳೆದೆನೋ ತಿಳಿಯದು. ಹೃದಯ ನಿಲ್ಲಿಸಿದರು, ಹೊಸ ದಾರಿಗಳನ್ನು ಹೊಲಿದರು, ರಕ್ತ ಮತ್ತೆ ಬಿಟ್ಟರು. ಹೃದಯ ಏಳಲಿಲ್ಲ. ಸುಮ್ಮನೆ ನಡುಗುತ್ತಿತ್ತು. ದೊಡ್ಡ ಡಾಕ್ಟರು ಶಾಕ್ ಕೊಟ್ಟರು. ಮತ್ತೆ ಕೊಟ್ಟರು. ನಾನು ಗೋಡೆಗೆ ಒರಗಿ ಬಟ್ಟೆಯ ಕೈಯನ್ನು ಎದೆಗವಚಿಕೊಂಡು ನಿಂತಿದ್ದೆ. ಏಳಿ ಅಮ್ಮ, ಏಳಿ, ಇದೊಂದನ್ನು ನನ್ನ ತಲೆಯ ಮೇಲೆ ಹಾಕಬೇಡಿ.

ಮಾನಿಟರಿನ ಮೇಲೆ ಒಂದು ಗೆರೆ ಎದ್ದಿತು. ಸ್ವಲ್ಪ ಬಿಟ್ಟು ಇನ್ನೊಂದು. ಆಮೇಲೆ ಸಾಲಾಗಿ.

ಹೊರಗೆ ಬಂದಾಗ ಅವನು ಕಾರಿಡಾರಿನಲ್ಲಿ ಉಳಿದ ರೋಗಿಗಳ ಮನೆಯವರ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಎದ್ದು ನಿಂತ. ಬಲಗಡೆ ಕಿಟಕಿಯಿತ್ತು. ನಾನು ಅತ್ತ ತಿರುಗಲಿಲ್ಲ. ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದೆ. ಎಡಗಣ್ಣಿನ ಕೆಳಗೆ ಒಂದು ಪುಟ್ಟ ಮಚ್ಚೆಯಿರುವುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

"ಹೃದಯ ತಾನಾಗಿ ಬಡ್ಕೋತಿದೆ," ಅಂದೆ. "ಇನ್ನೇನೂ ಕೇಳಬೇಡಿ."

ಅವನು ಕೇಳಲಿಲ್ಲ. ಮತ್ತೆ ಅದೇ ಕುರ್ಚಿಯಲ್ಲಿ ಕೂತ.

ಆಕೆ ಚೇತರಿಸಿಕೊಂಡು ವಾರ್ಡಿನ ನರ್ಸುಗಳಿಗೆಲ್ಲ ಸ್ಕೂಟರಿನ ಬ್ರೇಕಿನ ಬಗ್ಗೆ ಉಪದೇಶ ಶುರುಮಾಡಿದರೂ ಅವನು ನನ್ನ ಕಡೆ ಸುಳಿಯಲಿಲ್ಲ. ಈಗ ಅವನೇ ಕಿಟಕಿ ನೋಡಿಕೊಂಡು ಹೋಗುತ್ತಿದ್ದ. ಮುಗಿಯಿತು ಅಂದುಕೊಂಡೆ. ಗಾಜಿನ ಡಬ್ಬಿ, ಎಲ್ಲ ಕಂಡುಬಿಟ್ಟಿದೆ.

ತಾಯಿಯನ್ನು ಮನೆಗೆ ಕಳಿಸುವ ದಿನ ಅವನು ಮತ್ತೆ ಸಾಮಾನಿನ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಗುಂಡಿಗಳು ಸರಿಯಾಗಿದ್ದವು.

"ಅವತ್ತು ನಾನು ಹೇಳಿದ ಹಾಗೆ ಮಾಡಿದ್ರಾ?"

"ಇಲ್ಲ. ಕಂಪ್ಯೂಟರ್ ಹೇಳಿದ ಹಾಗೆ ಮಾಡ್ದೆ. ಅದೇನು ಹೇಳ್ತು ಅಂತ ಹೇಳಲ್ಲ."

"ಸದ್ಯ," ಅಂದ. ಅಲ್ಲಿದ್ದ ಡಬ್ಬದ ಮೇಲೆ ಕೂತು ಉಸಿರುಬಿಟ್ಟ. "ನನಗೋಸ್ಕರ ಮಾಡಿಬಿಟ್ಟಿರ್ತೀರೇನೋ ಅಂತ ನಿದ್ದೆ ಇಲ್ಲ. ಮಾಡಿದ್ರೆ ಖುಷಿಯಾಗ್ತಿತ್ತು. ಆ ಖುಷಿಗೇ ನಾಚಿಕೆಯಾಗಿ ಮುಖ ತೋರಿಸಲಿಲ್ಲ. ಕೇಳಬಾರದಿತ್ತು. ಕ್ಷಮಿಸಿ."

"ನನ್ನ ಮುಖದಲ್ಲಿ ಎಲ್ಲ ಗೊತ್ತಾಗಿಬಿಟ್ಟಿದೆ ಅಂದ್ಕೊಂಡೆ."

"ಪಟ್ಟಿ ವಿಷಯ ಓದೋಕೆ ನನಗೆ ಬರಲ್ಲ. ನಾನು ಹುಡುಕ್ತಿದ್ದದ್ದು ಬೇರೆ."

"ಸಿಕ್ತಾ?"

"ಕಾರಿಡಾರಲ್ಲಿ ಒಂಚೂರು ಸಿಕ್ಕಿದ ಹಾಗಾಯ್ತು."

ಅವನು ಶರ್ಟಿನ ತೋಳು ಮಡಚಿ ನನ್ನ ಮುಂದೆ ಕೈ ಚಾಚಿದ. "ನನಗೊಂದ್ಸಲ ಕಟ್ಟಿ. ಅಷ್ಟು ಹೃದಯ ನೋಡಿದ್ದೀನಿ, ಇದು ಹೇಗಿರುತ್ತೆ ಅಂತ ಗೊತ್ತೇ ಇಲ್ಲ."

ಕಟ್ಟಿದೆ. ಪಂಪು ಬುಸ್ಸೆಂದಿತು. ಅವನ ಅಂಗೈ ನಿಧಾನವಾಗಿ ಬಣ್ಣ ಕಳೆದುಕೊಂಡಿತು. ಬೆರಳುಗಳು ತಣ್ಣಗಾದವು. ಜೆಲ್ ಟ್ಯೂಬಿನ ಹಾಗೆ ಅವನ್ನು ನನ್ನ ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜಿದೆ.

"ಜುಮ್ಮಂತಿದೆ," ಅಂದ. "ನೀವು ನೋವಾಗುತ್ತೆ ಅಂತ ಹೇಳಿರಲಿಲ್ಲ."

"ಬೇರೆ ಯಾರೂ ಎಚ್ಚರ ಇದ್ದಾಗ ಕಟ್ಟಿಸ್ಕೊಂಡಿಲ್ಲ."

"ಎಚ್ಚರ ಇದ್ದೇ ಕೇಳ್ತಿದ್ದೀನಿ. ನನ್ನ ಜೊತೆ ಇರ್ತೀರಾ? ಯಾವಾಗಲೂ? ಈಗಲೇ ಹೇಳಬೇಡಿ. ಗಾಳಿ ಬಿಡುವಾಗ ಹೇಳಿ."

ಕಾಯುವುದು ಇಷ್ಟು ಕಷ್ಟವೆಂದು ಆ ಪಟ್ಟಿ ಕಟ್ಟುವ ನನಗೂ ಗೊತ್ತಿರಲಿಲ್ಲ. ಸಮಯವಾದಾಗ ಪಂಪು ತಾನಾಗಿ ಗಾಳಿ ಬಿಟ್ಟಿತು. ಕೆಂಪು ಮೊದಲು ಮಣಿಕಟ್ಟಿಗೆ ಬಂತು, ಆಮೇಲೆ ಅಂಗೈಗೆ, ಆಮೇಲೆ ಒಂದೊಂದೇ ಬೆರಳಿಗೆ.

"ಇರ್ತೀನಿ," ಅಂದೆ. "ಆದ್ರೆ ಪ್ರಯೋಗ ಮುಗಿಯೋವರೆಗೂ ಒಂದು ವಿಷಯ ಹೇಳಲ್ಲ. ಪಕ್ಕದಲ್ಲೇ ಇದ್ರೂ ಹೇಳಲ್ಲ. ತಡ್ಕೋತೀಯಾ?"

"ಅದೊಂದು ಬಿಟ್ಟು ಉಳಿದದ್ದೆಲ್ಲ ಹೇಳ್ತೀಯಾ?"

ನಾನು ಅವನನ್ನೇ ನೋಡಿಕೊಂಡು ಶುರುಮಾಡಿದೆ. ಜೆಲ್ ಟ್ಯೂಬಿನಿಂದ.