ನೀಲಿ ಮುಚ್ಚಳ

ಗುರುಪಾದಯ್ಯ ತಮ್ಮ ಹೊಸ ಡೀಸೆಲ್ ಕಾರಿನ ಹಿಂದಿನ ಸೀಟಿನಲ್ಲೇ ಸತ್ತರು. ಆದೋನಿಯ ಹತ್ತಿ ವ್ಯಾಪಾರಿ. ಬೆಳಿಗ್ಗೆ ಎದೆನೋವು ಬಂತು. ಮಗ ವಾಗೀಶ್ ಎತ್ತಿ ಕೂರಿಸಿ ಕೀ ತಿರುಗಿಸಿದ. ಕಾರು ಸ್ಟಾರ್ಟ್ ಆಗಲಿಲ್ಲ. ಆಂಬುಲೆನ್ಸ್ ಬರುವಷ್ಟರಲ್ಲಿ ಉಸಿರು ನಿಂತಿತ್ತು.

ವಾಗೀಶ್ ದೂರು ಕೊಟ್ಟ. ಡ್ರೈವರ್ ಸೂರಿ ಜಗಳದ ಸಿಟ್ಟಿಗೆ ಡೀಸೆಲ್‌ಗೆ ನೀರು ಬೆರೆಸಿ, ರಜೆ ಹಾಕಿ ತನ್ನೂರು ನಂದವರಂಗೆ ಹೋಗಿದ್ದಾನೆ ಎಂದು. ಪೊಲೀಸರು ಸೂರಿಯನ್ನು ಹಿಡಿದು ತಂದರು.

ಠಾಣೆಯ ಬಾಗಿಲಲ್ಲಿ ಅವನ ಹೆಂಡತಿ ಕೊಂಡಮ್ಮ ಎಸ್ಸೈ ಲಾವಣ್ಯಳ ಕಾಲು ಹಿಡಿದಳು.

"ಆ ಕಾರನ್ನ ನನಗಿಂತ ಚೊಲೋ ನೋಡ್ಕೊಂತಿದ್ದನ್ರಿ ಮೇಡಂ! ಕೊಲೆ ಕೇಸು ಹಾಕಿದ್ರ ನಾನು, ಮಕ್ಳು ಎಲ್ಲಿಗೆ ಹೋಗಬೇಕ್ರಿ?"

"ಏಳಮ್ಮಾ. ಮೊದಲು ಕಾರು ನೋಡ್ತೀನಿ."

* * *

ಮೆಕ್ಯಾನಿಕ್ ಎರ್ರಿಸ್ವಾಮಿ ಡೀಸೆಲನ್ನು ಬಾಟಲಿಗೆ ಇಳಿಸಿ ಬಿಸಿಲಿಗೆ ಹಿಡಿದ. ನೀರಿಲ್ಲ. ಬ್ಯಾಟರಿಯೂ ಸರಿಯಿತ್ತು.

"ಮೀಟರಿನಾಗ ಯೂರಿಯಾ ಕೆಟ್ಟೈತಿ ಅಂತ ತೋರಸ್ತೈತ್ರಿ."

"ಹೊಲಕ್ಕ ಹಾಕೋದಾ?"

"ಅದರ ತಮ್ಮ, ಮೇಡಂ. ಹೊಗಿ ತೊಳಿಯೋ ನೀರು. ಅದರಾಗ ಬ್ಯಾರೆ ಏನರ ಬಿದ್ರ ಗಾಡಿ ಮುನಿಸ್ಕೊಂತೈತಿ."

ಡೀಸೆಲ್ ಮುಚ್ಚಳದ ಪಕ್ಕದಲ್ಲೇ ಯೂರಿಯಾ ಟ್ಯಾಂಕಿನ ನೀಲಿ ಮುಚ್ಚಳ. ಲಾವಣ್ಯ ತೆರೆದಳು. ಹುಳಿ ಹಾಲಿನ ವಾಸನೆ. ಬಾಯಿಯ ಜಾಲರಿಗೆ ಬಿಲ್ವಪತ್ರೆಯ ಚೂರೊಂದು ಅಂಟಿತ್ತು.

* * *

ಗುರುಪಾದಯ್ಯನವರ ಹೆಂಡತಿ ಹೂವಮ್ಮ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಲಾವಣ್ಯ ಪಕ್ಕದಲ್ಲೇ ಕೂತಳು.

"ಅಮ್ಮಾ, ಸೋಮವಾರ ಅಭಿಷೇಕದ ತೀರ್ಥ ಕಾರಿಗೂ ಹಾಕ್ತಿದ್ರಾ?"

"ಹೂಂ. ಡೀಸೆಲ್‌ನಾಗ ಹಾಕಬಾರದಂತ ಗೊತ್ತಿತ್ತವ್ವ. ನೀಲಿದು ನೀರಿಂದು ಅಂತ ಸೂರಿ ಹೇಳಿದ್ದ. ಅದರಾಗ ಒಂದೀಟು... ಇವ್ರು ಸುಖವಾಗಿ ಹೋಗಿ ಬರ್ಲಿ ಅಂತ." ಅವಳು ತಲೆ ಎತ್ತಿದಳು. "ಅಂದ್ರ ನಾನೇ ಕೊಂದ್ನಾ?"

"ಇಲ್ಲಮ್ಮಾ." ಲಾವಣ್ಯ ಬಾಗಿಲಲ್ಲಿ ನಿಂತಿದ್ದ ವಾಗೀಶನತ್ತ ತಿರುಗಿದಳು. "ಏನೂ ಸೂಚನೆ ಇಲ್ದ ನಿಂತಿತು ಅಂತ ದೂರಿನಾಗ ಬರದೀರಿ. ಈ ಕಾರು ಹಂಗ ನಿಲ್ಲಂಗಿಲ್ಲ. ಮೊದಲು ದೀಪ ಹಚ್ತೈತಿ. ಇನ್ನು ಇಷ್ಟು ಕಿಲೋಮೀಟರು ಅಂತ ಇಳಿಸ್ತಾ ಬರ್ತೈತಿ. ಸೊನ್ನೆ ಆದ ಮ್ಯಾಗ ಒಮ್ಮೆ ಆಫ್ ಮಾಡಿದ್ರ ಮುಗೀತು, ಮತ್ತ ಸ್ಟಾರ್ಟ್ ಆಗಂಗಿಲ್ಲ. ಶೋರೂಮಿಗೆ ಬಿಡ್ರಿ ಅಂತ ಸೂರಿ ನಿಮ್ಮ ಜೊತಿ ಜಗಳಾಡಿದ್ದು ಇದಕ್ಕೇ."

"ಅವ ಸುಳ್ಳು ಹೇಳ್ತಾನ್ರಿ."

"ಇರ್ಲಿ. ನಿನ್ನೆ ಸೂರಿ ಊರಾಗಿರ್ಲಿಲ್ಲ. ಕಾರಿನಾಗ ಎಮ್ಮಿಗನೂರು ಹತ್ತಿ ಮಾರ್ಕೆಟ್ಟಿನ ನಿನ್ನೆ ಚೀಟಿ ಐತಿ. ಅಲ್ಲಿಗೆ ಕಾರು ಹೊಡ್ಕೊಂಡು ಹೋದವರು ಯಾರು?"

"...ನಾನು."

"ಸೊನ್ನೆ ಬಂದಿದ್ದು ನಿಮ್ಮ ಕಣ್ಣೆದುರಿಗೆ. ಮನಿಗೆ ಬಂದು ಆಫ್ ಮಾಡಿದವರೂ ನೀವೇ. ಮೊದಲೇ ಯೂರಿಯಾ ಟ್ಯಾಂಕು ಖಾಲಿ ಮಾಡಿ ತೊಳಿಸಿದ್ರ ಸರಿಹೋಗ್ತಿತ್ತು."

ವಾಗೀಶ್ ಬಂದು ತಾಯಿಯ ಪಕ್ಕ ಕೂತ. "ಹತ್ತಿ ಸೀಸನ್ ಮುಗೀಲಿ, ಆಮ್ಯಾಲ ಶೋರೂಮಿಗೆ ಬಿಡೋಣ ಅಂದ್ಕೊಂಡಿದ್ದೆ. ಅಪ್ಪ ಹೋದ ಮ್ಯಾಗ ಎಲ್ರೂ ನನ್ನ ಮುಖಾನ ನೋಡ್ತಿದ್ರು ಮೇಡಂ. ಬಾಯಿಗೆ ಬಂದಿದ್ದು ಸೂರಿ ಹೆಸರು."

ಲಾವಣ್ಯ ಠಾಣೆಗೆ ಫೋನ್ ಮಾಡಿದಳು. "ಸೂರೀನ ಬಿಡ್ರಿ. ಹೊರಗ ಅವನ ಹೆಂಡ್ತಿ ಕಾಯಾಕತ್ಯಾಳ. ಸುಳ್ಳು ದೂರಿನ ಕೇಸು ಬರೀರಿ, ವಾಗೀಶ್ ಮ್ಯಾಲ."

ಹೂವಮ್ಮ ಎದ್ದು ದೇವರ ಕೋಣೆಗೆ ಹೋದಳು. ತೀರ್ಥದ ಬೆಳ್ಳಿ ಗಿಂಡಿ ತಂದು ಲಾವಣ್ಯಳ ಕೈಯಲ್ಲಿಟ್ಟಳು.

"ಇದನ್ನೂ ತಗೊಂಡು ಹೋಗವ್ವ. ಇನ್ನ ಈ ಮನ್ಯಾಗ ಬ್ಯಾಡ."