ಬಹುಮಾನ ಬಂದ ಟಾಯ್ಲೆಟ್

"ಕಾದ ಸಿಮೆಂಟ್ ಕಟ್ಟೆ ಮೇಲೆ ಕೂರಬೇಡ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ? ನನ್ನ ಮಾತು ಕೇಳಿದ್ರೆ ತಾನೇ ನೀನು," ಎಂದು ಚಾರಿಂಗ್ ಅಜ್ಜಿ ಹೆಲ್ತ್ ಸೆಂಟರಿನಲ್ಲಿ ಎಲ್ಲರಿಗೂ ಕೇಳುವಂತೆ ಬೈದಳು.

ಮೊಮ್ಮಗಳು ಡಾನಿಕಾಳ ಮೈ ಜ್ವರದಿಂದ ಸುಡುತ್ತಿತ್ತು. ಉಚ್ಚೆ ಹೊಯ್ಯುವಾಗ ಪ್ರಾಣ ಹೋಗುವಷ್ಟು ಉರಿ. ಫಿಲಿಪ್ಪೀನ್ಸ್‌ನ ಬಟಂಗಾಸ್ ಕಡೆಯ ಅಜ್ಜಿಯರೆಲ್ಲ ಈ ಉರಿಗೆ ಕಾದ ಕಟ್ಟೆಯನ್ನೇ ದೂರುತ್ತಾರೆ, ಎಳನೀರು ಕುಡಿಸುತ್ತಾರೆ. ಮೂರು ದಿನದಿಂದ ಎಳನೀರು ಕುಡಿದೂ ಕುಡಿದೂ ಡಾನಿಕಾಗೆ ಸಾಕಾಗಿತ್ತು. ಬೈಗುಳವಂತೂ ಇನ್ನೂ ಸಾಕಾಗಿತ್ತು.

ಡಾಕ್ಟರಮ್ಮ ರಿಪೋರ್ಟ್ ನೋಡಿದರು. "ಕಟ್ಟೆದೇನೂ ತಪ್ಪಿಲ್ಲ ಅಜ್ಜಿ. ಮೂತ್ರದಲ್ಲಿ ಇನ್‌ಫೆಕ್ಷನ್ ಆಗಿದೆ. ಈ ವರ್ಷ ಇದು ಎರಡನೇ ಸಲ. ಹೀಗೇ ಆಗ್ತಿದ್ರೆ ಕಿಡ್ನಿಗೆ ಪೆಟ್ಟು ಬೀಳುತ್ತೆ."

ಆಮೇಲೆ ಡಾನಿಕಾ ಕಡೆ ತಿರುಗಿದರು. "ಸ್ಕೂಲಲ್ಲಿ ದಿನಕ್ಕೆ ಎಷ್ಟು ಸಲ ಟಾಯ್ಲೆಟ್‌ಗೆ ಹೋಗ್ತೀಯ ಪುಟ್ಟಿ?"

"ಹೋಗಲ್ಲ."

"ಒಂದ್ಸಲಾನೂ?"

"ಇಲ್ಲ. ನೀರೂ ಕುಡಿಯಲ್ಲ. ಕುಡಿದ್ರೆ ಬರುತ್ತಲ್ಲ."

"ಹುಚ್ಚು ಹುಡುಗಿ," ಅಜ್ಜಿ ರೇಗಿದಳು. "ಅಷ್ಟು ಚೆಂದದ ಟಾಯ್ಲೆಟ್ ಇದೆ. ಸ್ಕೂಲ್ ಶುರುವಾಗೋ ಮುಂಚೆ ನಾವು ಮಕ್ಕಳ ಮನೆಯೋರೆಲ್ಲ ಸೇರಿ ವಾರ ಪೂರ್ತಿ ತಿಕ್ಕಿ ತೊಳೆದಿದ್ದೀವಿ. ಸ್ವಚ್ಛ ಶಾಲೆ ಸ್ಪರ್ಧೆಲಿ ಫಸ್ಟ್ ಪ್ರೈಜ್ ಬಂದಿದೆ ಅದಕ್ಕೆ."

ಡಾನಿಕಾಗೆ ಸಿಟ್ಟು ನೆತ್ತಿಗೇರಿತು.

"ಬೀಗ ಹಾಕ್ಸಿದ್ದು ಯಾರು? ನೀನೇ ಅಲ್ವಾ? ಮಕ್ಕಳು ಗಲೀಜು ಮಾಡ್ತಾರೆ, ಪ್ರೈಜ್ ಹೋಗುತ್ತೆ ಅಂತ ಪೇರೆಂಟ್ಸ್ ಮೀಟಿಂಗಲ್ಲಿ ಹೇಳಿದ್ದು ನೀನೇ. ದೊಡ್ಡೋರು ನೋಡೋಕೆ ಬಂದಾಗ ಮಾತ್ರ ಅದನ್ನ ತೆಗೀತಾರೆ. ನಮಗೆ ಸ್ಕೂಲ್ ಹಿಂದಿರೋ ಹಳೇದು. ಅದಕ್ಕೆ ನೀರಿಲ್ಲ, ಬಾಗಿಲಿಲ್ಲ. ಹುಡುಗ್ರು ಇಣುಕಿ ನಗ್ತಾರೆ. ನಿನ್ನ ಟೈಲ್ಸ್ ಹೊಳೀಲಿ ಬಿಡು, ನನ್ನ ಕಿಡ್ನಿ ಹಾಳಾಗ್ಲಿ."

ಯಾರೂ ಹೋಗದ ಟಾಯ್ಲೆಟ್ ಕೊಳೆಯಾಗುವುದಾದರೂ ಹೇಗೆ? ಬಹುಮಾನ ಕೊಟ್ಟವರಿಗೆ ಅಷ್ಟೂ ಹೊಳೆದಿರಲಿಲ್ಲ. ಅಜ್ಜಿ ಮಾತ್ರೆ ಚೀಟಿ ತೆಗೆದುಕೊಂಡು ಡಾನಿಕಾಳ ಕೈ ಹಿಡಿದು ಹೊರಟಳು.

ಐದು ದಿನಕ್ಕೆ ಜ್ವರ ಬಿಟ್ಟಿತು. ಮಾತ್ರೆ ಇನ್ನೂ ಉಳಿದಿತ್ತು. ಅಂದು ಅಜ್ಜಿಯೂ ಡಾನಿಕಾ ಜೊತೆ ಶಾಲೆಗೆ ಬಂದು, ನೇರ ಹೆಡ್‌ಮಿಸ್ ಮುಂದೆ ನಿಂತು ಕೀ ಕೇಳಿದಳು.

"ಶುಕ್ರವಾರ ಇನ್‌ಸ್ಪೆಕ್ಷನ್ ಇದೆ ಅಜ್ಜಿ. ಅದೊಂದು ಮುಗೀಲಿ," ಎಂದರು ಹೆಡ್‌ಮಿಸ್.

"ಅಲ್ಲೀವರೆಗೆ ನೀವೂ ತಡ್ಕೊಂಡಿರ್ತೀರಾ?"

ಹೆಡ್‌ಮಿಸ್ ಮುಖ ಕೆಂಪಾಯಿತು.

"ಬೀಗ ಹಾಕ್ಸಿದ್ದು ನನ್ನದೇ ತಪ್ಪು," ಎಂದಳು ಅಜ್ಜಿ. "ಗಲೀಜಾದ್ರೆ ನಾನೇ ಬಂದು ತೊಳೀತೀನಿ. ಈಗ ಕೀ ಕೊಡಿ."

ಕೀ ಸಿಕ್ಕಿತು. ರಿಸೆಸ್ ಗಂಟೆ ಹೊಡೆದಾಗ ಎಲ್ಲರಿಗಿಂತ ಮೊದಲು ಡಾನಿಕಾ ಒಳಗೆ ಹೋದಳು.

ಹೊರಗೆ ಬಂದು ನೋಡಿದರೆ, ಹುಡುಗಿಯರ ಸಾಲು ಕಾರಿಡಾರ್ ದಾಟಿ ಮೆಟ್ಟಿಲವರೆಗೆ ಬೆಳೆದಿತ್ತು. ಒಂದನೇ ಕ್ಲಾಸಿನ ಪುಟಾಣಿಯೊಂದು ಕಾಲು ಕತ್ತರಿ ಮಾಡಿಕೊಂಡು ಕುಣಿಯುತ್ತಿತ್ತು. ಅದರ ಹಿಂದೆ ಯಾರಿಗೂ ಹೆದರದ ಕ್ಲಾಸ್ ಲೀಡರ್ ಟ್ರಿನಾ ನಿಂತಿದ್ದಳು.

"ನೀನೂನಾ?" ಎಂದಳು ಡಾನಿಕಾ.

ಟ್ರಿನಾ ತಲೆ ಎತ್ತದೆ ಹೂಂಗುಟ್ಟಿದಳು.

ತಾನೊಬ್ಬಳೇ ಎಂದುಕೊಂಡಿದ್ದಳು ಡಾನಿಕಾ. ಇಷ್ಟು ದಿನ ಇವರೆಲ್ಲ ಪಕ್ಕಪಕ್ಕದ ಬೆಂಚಿನಲ್ಲೇ ಹಲ್ಲು ಕಚ್ಚಿ ಕೂತಿದ್ದರು. ಯಾರೂ ಯಾರಿಗೂ ಹೇಳಿರಲಿಲ್ಲ.