ಅಪ್ಪನ ನಂಬರಿಗೆ ಬರುತ್ತಿದ್ದ ಮೆಸೇಜು

"ಕೊನೇ ನಾಲ್ಕು ಅಂಕಿ ನಾಲ್ಕು, ನಾಲ್ಕು, ಒಂದು, ಏಳು. ಈ ಬ್ಯಾಂಕ್ ಖಾತೆ ಇಲ್ಲಿ ಯಾರದು ಅಂತ ಗೊತ್ತಾಗ್ಬೇಕಿತ್ತು."

ಗಿರಾಕಿಯೊಬ್ಬರ ಕನ್ನಡಕದ ಗಾಜು ಉಜ್ಜುತ್ತಿದ್ದ ನನ್ನ ಕೈ ನಿಂತಿತು. ಕೌಂಟರಿನ ಆಚೆ ಲಿಫ್ಟ್ ರಿಪೇರಿಯವರ ನೀಲಿ ಅಂಗಿ, ಉಗುರಿನ ಸಂದಿಯಲ್ಲಿ ಗ್ರೀಸು. ಕೇಳಬಾರದ್ದನ್ನು ಕೇಳುತ್ತಿದ್ದೇನೆ ಎಂದು ತಿಳಿದವನ ಹಾಗೆ ಅವನು ಕತ್ತು ತಗ್ಗಿಸಿ ನಿಂತಿದ್ದ.

"ನನ್ನದು," ಎಂದೆ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವನು ತನ್ನ ಫೋನನ್ನು ನನ್ನ ಕಡೆ ತಿರುಗಿಸಿದ. ಬೆಳಗಿನಿಂದ ಮೂರು ಒಟಿಪಿ ಬಂದಿದ್ದವು. ಐದು ಲಕ್ಷದ ಸಾಲಕ್ಕೆ.

"ನೀವು ಸಾಲಕ್ಕೆ ಅರ್ಜಿ ಹಾಕಿದ್ದೀರಾ?"

"ಇಲ್ಲ. ನನ್ನ ಮೆಸೇಜು ನಿಮಗ್ಯಾಕೆ ಬರುತ್ತೆ?"

"ಮೂರು ವರ್ಷದ ಹಿಂದೆ ಹೊಸ ಸಿಮ್ ತಗೊಂಡೆ. ಅವತ್ತಿಂದ ಬರ್ತಿದೆ. ಸಂಬಳ ಹಾಕೋರು ಈ ಅಂಗಡಿ ಅಂತ ಅದರಲ್ಲೇ ಇತ್ತು."

ಅವನು ನಂಬರು ಹೇಳಿದ. ಅಪ್ಪನ ನಂಬರು. ನಾನು ಸ್ಟೂಲು ಎಳೆದು ಕೂತೆ.

ಹನ್ನೊಂದು ವರ್ಷದ ಹಿಂದೆ ಖಾತೆ ತೆರೆಸಿದವರು ಅಪ್ಪ. "ನೀನು ಗಾಜು ನೋಡ್ಕೋ, ದುಡ್ಡು ನಾನು ನೋಡ್ಕೋತೀನಿ" ಎಂದು ತಮ್ಮ ನಂಬರನ್ನೇ ಕೊಟ್ಟಿದ್ದರು. ಅವರು ತೀರಿಕೊಂಡ ಮೇಲೆ ಪಾಸ್‌ವರ್ಡು ಭಾವನ ಕೈಗೆ ಹೋಯಿತು. ನಂಬರನ್ನು ಮಾತ್ರ ಬದಲಿಸಲು ನಾನು ಬಿಡಲಿಲ್ಲ. ಮಗಳ ಸಂಬಳ ಬಂದ ಸುದ್ದಿ ತಿಂಗಳಿಗೊಮ್ಮೆ ಅಪ್ಪನಿಗೆ ಹೋಗುತ್ತಿರಲಿ ಎಂಬ ಹುಚ್ಚು. ಆ ನಂಬರು ಬೇರೆಯವರ ಪಾಲಾಗಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಭಾವ.

"ಏನಮ್ಮಾ, ಮಾವನವರ ಹಳೇ ಸಿಮ್ ಎಲ್ಲಿಟ್ಟಿದ್ದೀಯ? ಫೋನಿಗೆ ಹಾಕಿದ್ರೆ ಒಂದು ಒಟಿಪಿ ಬರುತ್ತೆ, ಓದಿ ಹೇಳ್ಬಿಡು ಸಾಕು."

"ಯಾತಕ್ಕೆ ಭಾವ?"

"ಆ ತಲೆನೋವೆಲ್ಲ ನಿನಗ್ಯಾಕೆ? ನಾನಿಲ್ವಾ?"

ನಾನಿಲ್ವಾ. ಇಷ್ಟು ವರ್ಷ ಈ ಒಂದು ಮಾತನ್ನೇ ಹಾಸಿ ಹೊದ್ದು ಮಲಗಿದ್ದೆ.

"ಸಾಲ ನನ್ನ ಹೆಸರಲ್ಲೇನಾ ಭಾವ?"

"ಕಂತು ನಾನೇ ಕಟ್ತೀನಲ್ಲಮ್ಮಾ."

ಫೋನು ಇಟ್ಟೆ.

"ಈಗಲೇ ಬ್ಯಾಂಕಿಗೆ ಹೋಗಿ," ಅವನು ಮೆಲ್ಲನೆ ಹೇಳಿದ. "ಜೊತೆಗೆ ಬರ್ಲಾ, ಇಲ್ಲ ದಾರಿ ಹೇಳ್ಲಾ?"

"ನನ್ನ ಬ್ಯಾಂಕಿಗೆ ನೀವು ದಾರಿ ಹೇಳ್ತೀರಾ?"

"ನಿಮಗೆ ಗೊತ್ತಿದ್ಯಾ?"

ಗೊತ್ತಿರಲಿಲ್ಲ.

ಎರಡು ಬೀದಿ ನಡೆಯಬೇಕಿತ್ತು. ನನ್ನ ದುಡ್ಡನ್ನು ಮೊದಲು ಅಪ್ಪ, ಆಮೇಲೆ ಭಾವ ನೋಡಿಕೊಂಡದ್ದನ್ನೆಲ್ಲ ಹೇಳಿಕೊಂಡೆ. ನನ್ನನ್ನು ಸಮಾಧಾನಪಡಿಸಲೆಂದೋ ಏನೋ, ಅವನು ಬಾಯಿಬಿಟ್ಟ. "ಹೇಗೂ ಏಪ್ರಿಲ್‌ನಿಂದ ಸಂಬಳ ಎಂಟುನೂರು ಜಾಸ್ತಿ ಆಗಿದ್ಯಲ್ಲ."

"ಜಾಸ್ತಿ ಆಗಿದ್ಯಾ?"

ಅವನ ಮುಖದಲ್ಲಿ ನನಗಿಂತ ಹೆಚ್ಚಿನ ಗಾಬರಿ ಕಂಡಿತು. ನಾನು ಫುಟ್‌ಪಾತಿನ ಮೇಲೇ ನಿಂತೆ. "ಇನ್ನೂ ಏನೇನು ಗೊತ್ತು ನಿಮಗೆ?"

ಅವನ ಕಿವಿ ಕೆಂಪಾಯಿತು. "ನಿಮ್ಮ ಕಾರ್ಡಿಂದ ಸಿನಿಮಾಗೆ ಯಾವಾಗಲೂ ಒಂದೇ ಟಿಕೆಟ್ ದುಡ್ಡು ಹೋಗುತ್ತೆ. ಹೋದ ವರ್ಷ ಐದು ದಿನ ಬರೀ ಔಷಧಿ ಅಂಗಡಿ. ಜ್ವರ ಇರ್ಬೇಕು ಅಂದ್ಕೊಂಡೆ." ಕತ್ತಿನ ಬೆವರು ಒರೆಸಿಕೊಂಡ. "ಒಂದ್ಸಲ ಚಪ್ಪಲಿ ಅಂಗಡಿಗೆ ಎರಡು ಸಾವಿರ ಹೋಯ್ತು, ಮಾರನೇ ದಿನ ಅಷ್ಟೂ ವಾಪಸ್ ಬಂತು. ಯಾಕೆ?"

"ಕಚ್ತಿತ್ತು," ಎಂದೆ. ಯಾಕೆ ಉತ್ತರ ಕೊಟ್ಟೆನೋ. ಕೂಡಲೇ ಸಿಟ್ಟು ನೆತ್ತಿಗೇರಿತು. "ಮೊದಲ ತಿಂಗಳೇ ಬ್ಯಾಂಕಿಗೆ ಹೇಳ್ಬಹುದಿತ್ತಲ್ಲ ನೀವು."

"ಹೇಳ್ಬೇಕಿತ್ತು. ಆದ್ರೆ ಒಂದನೇ ತಾರೀಖು ಕಾಯೋದು ಅಭ್ಯಾಸ ಆಗಿಹೋಯ್ತು. ಸಂಬಳ ಬಂತು ಅಂದ್ರೆ, ಮುಖ ನೋಡದ ಯಾರೋ ಒಬ್ರು ಕ್ಷೇಮವಾಗಿದ್ದಾರೆ ಅಂತ." ಅವನು ನೆಲ ನೋಡಿದ. "ತಪ್ಪು ನನ್ನದೇ."

ಬೈಯಲು ಬಾಯಿ ತೆರೆದೆ. ಬೈಯದೆ ಮುಂದೆ ನಡೆದೆ. ಆ ಐದು ದಿನದ ಜ್ವರದ ಲೆಕ್ಕ ಈ ಭೂಮಿಯ ಮೇಲೆ ಇನ್ಯಾರೂ ಇಟ್ಟಿರಲಿಲ್ಲ.

"ಖಾತೆಯಲ್ಲಿ ಎಷ್ಟಿದೆ?"

"ಅದನ್ನ ನೀವೇ ನೋಡಿ," ಎಂದು ಅವನು ದೃಷ್ಟಿ ತಪ್ಪಿಸಿದ.

ಬ್ಯಾಂಕಿನ ಮೇಡಂ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಹನ್ನೊಂದು ವರ್ಷದ ದುಡಿಮೆಯಲ್ಲಿ ಉಳಿದದ್ದು ಆರು ಸಾವಿರದ ಇನ್ನೂರು. ಮಿಕ್ಕದ್ದೆಲ್ಲ, ಅಪ್ಪ ಹೋದಾಗಿನಿಂದ, ತಿಂಗಳು ತಿಂಗಳು, ಮೂರನೇ ತಾರೀಖಿಗೆ, ಭಾವನ ಖಾತೆಗೆ ಹೋಗಿತ್ತು. ಒಪ್ಪಿಗೆಯ ಕಾಗದದಲ್ಲಿ ನನ್ನದೇ ಸಹಿ, ದುಂಡಗೆ, ನೀಟಾಗಿ. ಕೊಟ್ಟ ಕಡೆಯೆಲ್ಲ ಓದದೆ ಹಾಕಿದ ಸಹಿ. ಕೂಗಾಡೋಣವೆಂದರೆ ಯಾರ ಮೇಲೆ?

"ಸಾಲದ ಅರ್ಜಿ ರದ್ದು ಮಾಡ್ತೀನಿ, ಈ ವರ್ಗಾವಣೆನೂ ನಿಲ್ಲಿಸ್ತೀನಿ," ಮೇಡಂ ಹೇಳಿದರು. "ಹೊಸ ನಂಬರ್ ಯಾವುದು ಹಾಕ್ಲಿ?"

ನಾನು ಅವನತ್ತ ತಿರುಗಿದೆ. "ಇವರದೇ ಇರಲಿ. ನೀವೇ ನೋಡ್ಕೊಳ್ಳಿ. ನಿಮಗೆ ಹೇಗೂ ಎಲ್ಲ ಗೊತ್ತು."

ನನ್ನ ಬಾಯಿಂದ ಬಂದದ್ದನ್ನು ಕೇಳಿ ನಾನೇ ಬೆಚ್ಚಿದೆ. ಅವನು ಬಿಸಿ ತಾಗಿದವನ ಹಾಗೆ ಹಿಂದೆ ಸರಿದ.

"ಬೇಡ. ಮೊದಲು ಅಪ್ಪ, ಆಮೇಲೆ ಭಾವ. ಮೂರನೆಯವನು ನಾನಾಗಲ್ಲ." ದನಿ ತಗ್ಗಿತು. "ಬೇರೆ ಕಾರಣಕ್ಕೆ ಕರೀರಿ, ನೂರು ಸಲ ಬರ್ತೀನಿ. ಇದಕ್ಕೆ ಮಾತ್ರ ಬರಲ್ಲ."

ಪರದೆ ಕಾಣದಷ್ಟು ದೂರ, ಬಾಗಿಲಾಚೆಯ ಬೆಂಚಿಗೆ ಹೋಗಿ ಕೂತ.

ನನ್ನ ನಂಬರನ್ನು ನಾನೇ ಬರೆದೆ. ಹೊಸ ಪಾಸ್‌ವರ್ಡನ್ನು ಅಂಗೈ ಮರೆ ಮಾಡಿ ಒತ್ತಿದೆ. ಪ್ರತಿ ಹಾಳೆಯನ್ನೂ ಓದಿದೆ. ಅರ್ಥವಾಗದ ಕಡೆ ಕೇಳಿದೆ, ಎರಡೆರಡು ಸಲ ಕೇಳಿದೆ. ಮೇಡಂ ಗಡಿಯಾರ ನೋಡಿದರು. ನೋಡಲಿ. ಕೊನೆಗೆ ಸಹಿ ಹಾಕಿದೆ.

ಹೊರಗೆ ಬಂದಾಗ ಅವನು ಫೋನು ತೋರಿಸಿದ. ಈ ನಂಬರನ್ನು ಖಾತೆಯಿಂದ ತೆಗೆಯಲಾಗಿದೆ ಎಂದಿತ್ತು.

"ಇನ್ನು ನಿಮ್ಮ ಸುದ್ದಿ ನನಗಿಲ್ಲ," ಎಂದು ನಗಲು ಹೋಗಿ, ಆಗದೆ, ಎದ್ದು ನಿಂತ.

"ಕೂತ್ಕೊಳ್ಳಿ." ನಾನೂ ಬೆಂಚಿನ ಈ ತುದಿಗೆ ಕೂತೆ, ನಡುವೆ ಚೀಲವಿಟ್ಟು. "ಮೂರು ವರ್ಷ ನನ್ನನ್ನ ಓದಿದ್ದೀರಿ. ನಿಮ್ಮದು ನನಗೆ ಒಂದಕ್ಷರ ಗೊತ್ತಿಲ್ಲ. ಹೇಳಿ."

"ಎಲ್ಲಿಂದ ಹೇಳ್ಲಿ?"

"ಮೊದಲ ತಿಂಗಳಿಂದ. ಏನು ತಿಂದ್ರಿ, ಯಾವ ಸಿನಿಮಾ ನೋಡಿದ್ರಿ, ಜ್ವರ ಬಂದಾಗ ಪಕ್ಕದಲ್ಲಿ ಯಾರಿದ್ರು."

ಅವನು ಉಗುರಿನ ಗ್ರೀಸು ಕೆರೆದ. "ಯಾರೂ ಇರ್ಲಿಲ್ಲ," ಎಂದ.

ನಡುವಿನ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡೆ.

"ಹೂಂ," ಎಂದೆ, "ಆಮೇಲೆ?"